ಹೆಸರು ಒಂದೇ, ಬಲ ಬೇರೆ!

1993ರಲ್ಲಿ ಬಂದ 'ಡೂಮ್' ಆಟಕ್ಕೆ 4 ಎಂಬಿ ರ‍್ಯಾಮ್ ಇದ್ದ 386 ಗಣಕ ಸಾಕಾಗಿತ್ತು. ಅಂದು ಅದನ್ನಾಡಿದ ವಿದ್ಯಾರ್ಥಿ ಇಂದು ತಂದೆ. ಮಗಳ ಓದಿಗೂ ತನ್ನ ಹಳೆಯ ಹವ್ಯಾಸಕ್ಕೂ ಆಗುವಂಥ ಲ್ಯಾಪ್‌ಟಾಪ್ ಕೊಳ್ಳಲು ಹೊರಟರೆ ಅಂಗಡಿಯಲ್ಲಿ ತಬ್ಬಿಬ್ಬಾಗುತ್ತಾನೆ. ಒಂದೇ ಹೆಸರಿನ ಗ್ರಾಫಿಕ್ಸ್ ಚಿಪ್ ಇರುವ ಎರಡು ಯಂತ್ರಗಳ ವೇಗ ಬೇರೆ ಬೇರೆ!

ಕಾರಣವೇನು? ಚಿಪ್‌ಗೆ ದೊರೆಯುವ ವಿದ್ಯುತ್. 2023ರಲ್ಲಿ ಬಂದ ಲ್ಯಾಪ್‌ಟಾಪ್‌ಗಳ ಆರ್‌ಟಿಎಕ್ಸ್ 4060 ಚಿಪ್‌ಗೆ ತಯಾರಕರು 35ರಿಂದ 115 ವ್ಯಾಟ್‌ವರೆಗೆ ಎಷ್ಟನ್ನಾದರೂ ನಿಗದಿಪಡಿಸಬಹುದು. ವ್ಯಾಟ್ ಏರಿದರೆ ಶಾಖವೂ ಏರುತ್ತದೆ. ತೆಳು ಯಂತ್ರದ ಪುಟ್ಟ ಫ್ಯಾನಿಗೆ ಅದನ್ನು ಹೊರದೂಡುವುದು ಕಷ್ಟ.

ಆದ್ದರಿಂದ ಹಣ ತೆರುವ ಮುನ್ನ ಚಿಪ್‌ನ ಹೆಸರಿನೊಡನೆ ವ್ಯಾಟ್ ಎಷ್ಟೆಂದೂ ಕೇಳಿ. ಓದು, ಬರಹಕ್ಕೆ ಮಾತ್ರವಾದರೆ ಈ ಚಿಪ್‌ನ ಖರ್ಚೇ ಬೇಡ.