ರಸ್ತೆ ಮೇಲೆ ಓಡಿಸಿದರೆ ಸಾಕು, ಸ್ಕೂಟರ್ ಚಾರ್ಜ್ ಆಗುತ್ತಾ?

ವೈರೇ ಬೇಡ, ಗಾಡಿ ಓಡುತ್ತಲೇ ಚಾರ್ಜ್ ಆಗುತ್ತದೆ ಎನ್ನುವ ಫಾರ್ವರ್ಡ್ ನಿಮಗೂ ಬಂದಿರಬಹುದು. ಅಂಥ ರಸ್ತೆ ಇರುವುದು ನಿಜ. ಅಮೆರಿಕದ ಡೆಟ್ರಾಯಿಟ್‌ನಲ್ಲಿ 2023ರ ನವೆಂಬರ್‌ನಲ್ಲಿ ಒಂದು ಸಿದ್ಧವಾಯಿತು. ಉದ್ದ? ಸುಮಾರು 400 ಮೀಟರ್.

ರಸ್ತೆಯಡಿ ತಾಮ್ರದ ಸುರುಳಿ ಹೂತಿರುತ್ತಾರೆ. ಅದರಲ್ಲಿ ಎಸಿ ಕರೆಂಟ್ ಹರಿದಾಗ ಸುತ್ತಲಿನ ಕಾಂತಕ್ಷೇತ್ರ ಬದಲಾಗುತ್ತಲೇ ಇರುತ್ತದೆ. ಆಗ ಗಾಡಿಯ ತಳದಲ್ಲಿರುವ ಇನ್ನೊಂದು ಸುರುಳಿಯಲ್ಲಿ ವಿದ್ಯುತ್ ಹುಟ್ಟುತ್ತದೆ. 1831ರಲ್ಲೇ ಮೈಕೆಲ್ ಫ್ಯಾರಡೆ ಕಂಡುಕೊಂಡ ತತ್ವವಿದು. ಫಾರ್ವರ್ಡ್‌ಗಳು ಹೇಳದೇ ಬಿಡುವುದು ಈ ಎರಡನೇ ಸುರುಳಿಯನ್ನೇ. ಮನೆಯ ಇಂಡಕ್ಷನ್ ಒಲೆ ಮೇಲೆ ಅಲ್ಯೂಮಿನಿಯಂ ಪಾತ್ರೆ ಇಟ್ಟರೆ ಕಾಯುವುದಿಲ್ಲವಲ್ಲ, ಹಾಗೆಯೇ ಸುರುಳಿ ಇಲ್ಲದ ಗಾಡಿ ಆ ರಸ್ತೆ ಮೇಲೆ ದಿನವಿಡೀ ಓಡಿದರೂ ಚಾರ್ಜ್ ಏರದು.

ನಮ್ಮ ಶೋರೂಮ್‌ಗಳಲ್ಲಿ ಸಾಮಾನ್ಯವಾಗಿ ಸಿಗುವ ಸ್ಕೂಟರ್‌ಗಳು ಪ್ಲಗ್ ಹಾಕಿ ಚಾರ್ಜ್ ಮಾಡುವಂಥವು. ರಾಯಚೂರಿನಿಂದ ಮಾನ್ವಿಗೋ ದೇವದುರ್ಗಕ್ಕೋ ದಿನಾ ಓಡಾಡುವವರು ಫಾರ್ವರ್ಡ್ ನಂಬಿ ಚಿಕ್ಕ ಬ್ಯಾಟರಿಯ ಗಾಡಿ ತಗೊಂಡರೆ ದಾರಿಯಲ್ಲಿ ನಿಲ್ಲಬೇಕಾದೀತು. ಹೋಗಿ ಬರುವ ದೂರ ಲೆಕ್ಕ ಹಾಕಿಯೇ ಕೊಳ್ಳಿ. ಯಾರಾದರೂ ‘ವೈರ್‌ಲೆಸ್ ಕಿಟ್’ ಎಂದು ಮುಂಗಡ ಕೇಳಿದರೆ, ನೆಲದ ಪ್ಯಾಡ್ ಎಲ್ಲಿದೆ, ಗಾಡಿಯ ಸುರುಳಿ ಎಲ್ಲಿದೆ, ತೋರಿಸಿ ಎನ್ನಿ.

ಇನ್ನೊಂದು, ಈ ಕರೆಂಟ್ ಪುಕ್ಕಟೆಯೂ ಅಲ್ಲ. ನೆಲದ ಸುರುಳಿಗೂ ವಿದ್ಯುತ್ ಬರಬೇಕಾದ್ದು ನಮ್ಮ ಶಕ್ತಿನಗರದಂಥ ಸ್ಥಾವರಗಳಿಂದಲೇ, ಮೀಟರ್ ದಾಟಿಯೇ.