ಕುಡಿತ ಬಿಟ್ಟವರೇ ಕೈಹಿಡಿದಾಗ

2007ರ ಜುಲೈನಲ್ಲಿ ಕರ್ನಾಟಕದಲ್ಲಿ ಸಾರಾಯಿ ನಿಷೇಧವಾಯಿತು. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿಯ ಮನೆಗಳಿಂದ ಕುಡಿತ ಮಾತ್ರ ಹೋಗಲಿಲ್ಲ. ಅಪ್ಪನ ಕೂಲಿ ಮದ್ಯದಂಗಡಿ ಸೇರಿದರೆ ಮಗುವಿನ ಶಾಲೆ ತಪ್ಪುತ್ತದೆ.

ಪಾಲನೆಯಿಲ್ಲದ ಮಗು ಸಿಕ್ಕರೆ 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು ಎನ್ನುತ್ತದೆ 2015ರ ಬಾಲನ್ಯಾಯ ಕಾಯ್ದೆ. ಮಗುವಿಗೆ ಆಸರೆಯಾಯಿತು. ಅಪ್ಪನಿಗೆ?

ಅಮೆರಿಕದ ಕೆಂಟಕಿಯ ‘ಸ್ಟಾರ್ಟ್’ ಯೋಜನೆಯಲ್ಲಿ ಸಮಾಜ ಕಾರ್ಯಕರ್ತರ ಜೊತೆಗೆ, ಚಟ ಬಿಟ್ಟು ಕನಿಷ್ಠ 3 ವರ್ಷ ಕಳೆದವರೊಬ್ಬರು ಮನೆಗೆ ಬರುತ್ತಾರೆ. ಚಿಕಿತ್ಸೆಗೆ ಜೊತೆಯಾಗುತ್ತಾರೆ, ನೆಪ ಹೇಳಿದರೆ ಥಟ್ಟನೆ ಹಿಡಿಯುತ್ತಾರೆ. ಆ ನೆಪಗಳನ್ನೆಲ್ಲ ಒಂದು ಕಾಲಕ್ಕೆ ಹೇಳಿದವರೇ ತಾನೆ!

ನಮ್ಮಲ್ಲೂ ಧರ್ಮಸ್ಥಳ ಮೂಲದ ಜನಜಾಗೃತಿ ವೇದಿಕೆಯ ಮದ್ಯವರ್ಜನ ಶಿಬಿರ ಮುಗಿಸಿದವರು ನವಜೀವನ ಸಮಿತಿ ಕಟ್ಟಿಕೊಂಡು ಒಬ್ಬರನ್ನೊಬ್ಬರು ಕಾಯುತ್ತಾರೆ. ಅಂಥವರನ್ನು ಮಕ್ಕಳ ಕಲ್ಯಾಣ ಸಮಿತಿಯೊಂದಿಗೆ ಜೋಡಿಸುವುದು ದುಬಾರಿ ಕೆಲಸವೇನಲ್ಲ. ಸದ್ಯಕ್ಕೆ ಸಹಾಯವಾಣಿಗಳಿವೆ: ಮಕ್ಕಳಿಗಾಗಿ 1098, ಚಟ ಬಿಡಬಯಸುವವರಿಗೆ 14446.