ಸಿಬ್ಬಂದಿ ವಿವಾದಗಳ ಇತ್ಯರ್ಥದಲ್ಲಿ ಸಂಧಾನದ ಪಾತ್ರ

ನೀರುಗಂಟಿ, ಸ್ವಚ್ಛತಾಗಾರ, ಕರ ವಸೂಲಿಗಾರ ಮೊದಲಾದ ಸಿಬ್ಬಂದಿಗೆ ಗ್ರಾಮ ಪಂಚಾಯಿತಿಯೇ ಉದ್ಯೋಗದಾತ. ವೇತನ ಅಥವಾ ಕೆಲಸದ ವೇಳೆಯ ಕುರಿತ ವಿವಾದ ಬಗೆಹರಿಯದೆ ಕೆಲಸ ನಿಂತರೆ ಊರಿಗೆ ಕುಡಿಯುವ ನೀರು ತಪ್ಪುತ್ತದೆ. ವೇತನ ನಿಂತರೆ ಸಿಬ್ಬಂದಿಯ ಕುಟುಂಬ ಸಾಲಕ್ಕೆ ಸಿಲುಕುತ್ತದೆ. ಆದುದರಿಂದ ಸಂಧಾನದ ಕ್ರಮವನ್ನು ಸದಸ್ಯರು ಅರಿತಿರುವುದು ಅವಶ್ಯ.

ಅಹಮದಾಬಾದಿನ ನಿದರ್ಶನ

1918ರಲ್ಲಿ ಅಹಮದಾಬಾದಿನ ಬಟ್ಟೆ ಗಿರಣಿಗಳ ಮಾಲೀಕರು, ಪ್ಲೇಗಿನ ಕಾಲದಲ್ಲಿ ಕಾರ್ಮಿಕರು ಊರು ಬಿಡದಿರಲೆಂದು ನೀಡುತ್ತಿದ್ದ ಹೆಚ್ಚುವರಿ ಹಣವನ್ನು ನಿಲ್ಲಿಸಿದರು. ಬೆಲೆಗಳು ಏರಿದ್ದ ಕಾರಣ ಕಾರ್ಮಿಕರು ಕೂಲಿಯಲ್ಲಿ ಶೇ. 50ರಷ್ಟು ಹೆಚ್ಚಳ ಕೇಳಿದರು, ಮಾಲೀಕರು ಶೇ. 20ಕ್ಕಿಂತ ಹೆಚ್ಚು ಕೊಡಲು ಒಪ್ಪಲಿಲ್ಲ. ಗಾಂಧೀಜಿ ಮತ್ತು ಅವರ ಸಹವರ್ತಿಗಳು ಪರಿಸ್ಥಿತಿಯನ್ನು ವಿಚಾರಿಸಿ ಶೇ. 35 ನ್ಯಾಯಸಮ್ಮತವೆಂದು ನಿರ್ಣಯಿಸಿದರು. ಕಾರ್ಮಿಕರು ತಮ್ಮ ಬೇಡಿಕೆಯನ್ನು ಅಷ್ಟಕ್ಕೆ ಇಳಿಸಿಕೊಂಡರು.

ಮುಷ್ಕರ ಮತ್ತು ಗಾಂಧೀಜಿಯವರ ಮೂರು ದಿನಗಳ ಉಪವಾಸದ ನಂತರ ಮಾರ್ಚ್ 18ರಂದು ಒಪ್ಪಂದವಾಯಿತು. ಮೊದಲ ದಿನ ಕಾರ್ಮಿಕರ ಮಾತಿನಂತೆ ಶೇ. 35, ಎರಡನೆಯ ದಿನ ಮಾಲೀಕರ ಮಾತಿನಂತೆ ಶೇ. 20, ಮೂರನೆಯ ದಿನದಿಂದ ಇವೆರಡರ ನಡುವಿನ ಶೇ. 27.5 ಎಂದು ಗೊತ್ತಾಯಿತು. ಅಂತಿಮ ದರವನ್ನು ಇಬ್ಬರೂ ಒಪ್ಪಿದ ಮಧ್ಯಸ್ಥರಾದ ಆನಂದಶಂಕರ ಧ್ರುವ ಅವರಿಗೆ ಬಿಡಲಾಯಿತು; ಅವರು ಶೇ. 35ನ್ನು ಎತ್ತಿಹಿಡಿದರು. ಎರಡೂ ಪಕ್ಷಗಳ ಮಾತು ಉಳಿದದ್ದರಿಂದ ತೀರ್ಮಾನ ಬರುವ ಮೊದಲೇ ಗಿರಣಿಗಳು ಪುನಃ ನಡೆದವು.

ಪಂಚಾಯಿತಿಯಲ್ಲಿ ಅನುಸರಿಸಬೇಕಾದ ಕ್ರಮ

1. ಮಾತುಕತೆಗೆ ಮುನ್ನ ಹಾಜರಾತಿ, ಪಾವತಿ ಮತ್ತು ಬಾಕಿಯ ವಿವರಗಳನ್ನು ಸಿದ್ಧಪಡಿಸಿ ಎರಡೂ ಕಡೆಯವರ ಮುಂದಿಡಬೇಕು. ಲೆಕ್ಕ ಒಂದಾದರೆ ಅರ್ಧ ವಿವಾದ ತೀರುತ್ತದೆ.

2. ಸಿಬ್ಬಂದಿ ತಮ್ಮ ಪ್ರತಿನಿಧಿಯನ್ನು ತಾವೇ ಆರಿಸಿಕೊಳ್ಳಬೇಕು. ಬೇಡಿಕೆ ಮುಂದಿಟ್ಟ ಕಾರಣಕ್ಕೆ ಯಾರನ್ನೂ ಕೆಲಸದಿಂದ ದೂರವಿಡಬಾರದು.

3. ಸರ್ಕಾರ ನಿಗದಿಪಡಿಸಿದ ಕನಿಷ್ಠ ವೇತನ ಚೌಕಾಸಿಯ ವಿಷಯವಲ್ಲ. ಸಿಬ್ಬಂದಿಯೇ ಒಪ್ಪಿ ಸಹಿ ಹಾಕಿದರೂ ಅದಕ್ಕಿಂತ ಕಡಿಮೆ ಕೊಡುವ ಒಪ್ಪಂದ ಕಾನೂನಿನ ಮುಂದೆ ನಿಲ್ಲುವುದಿಲ್ಲ.

4. ಮೇಲಿನ ಹಂತದ ಅನುಮೋದನೆ ಬೇಕಾದ ವಿಷಯದಲ್ಲಿ ಪಂಚಾಯಿತಿ ತಾನೇ ಭರವಸೆ ನೀಡಬಾರದು. ಪ್ರಸ್ತಾವನೆ ಕಳುಹಿಸುವ ದಿನಾಂಕವನ್ನು ಮಾತ್ರ ಗೊತ್ತುಪಡಿಸಿ ಅದರಂತೆ ನಡೆಯಬೇಕು.

5. ಬಾಕಿಯನ್ನು ಕಂತುಗಳಲ್ಲಿ ತೀರಿಸುವುದಾದರೆ ಮೊತ್ತ, ದಿನಾಂಕ ಮತ್ತು ಹೊಣೆಗಾರರನ್ನು ನಡವಳಿ ಪುಸ್ತಕದಲ್ಲಿ ದಾಖಲಿಸಿ, ಅದರ ಪ್ರತಿಯನ್ನು ಸಿಬ್ಬಂದಿಗೆ ನೀಡಬೇಕು. ಬರಿಯ ಬಾಯಿಮಾತಿನ ಭರವಸೆ ಮುಂದಿನ ವಿವಾದಕ್ಕೆ ಬೀಜ.

ಮಾತುಕತೆ ಫಲಿಸದಿದ್ದಲ್ಲಿ ಕಾರ್ಮಿಕ ಇಲಾಖೆಯ ಅಧಿಕಾರಿಗಳ ನೆರವು ಪಡೆಯಬಹುದು. ಸಿಬ್ಬಂದಿ ಅಲ್ಲಿಗೆ ಹೋಗುವುದನ್ನು ಪಂಚಾಯಿತಿಯ ವಿರುದ್ಧದ ಹಗೆತನವೆಂದು ಭಾವಿಸಬಾರದು. ವಿವಾದ ತೀರಿದ ಮೇಲೂ ಅದೇ ನೀರುಗಂಟಿ ಅದೇ ಊರಿಗೆ ನೀರು ಬಿಡಬೇಕಾಗಿರುವುದರಿಂದ, ಇಬ್ಬರೂ ತಲೆಯೆತ್ತಿ ಪಾಲಿಸಬಹುದಾದ ಒಪ್ಪಂದವೇ ಬಾಳಿಕೆ ಬರುವಂಥದು.